ಫೋಟೋದೊಳಗಿನ ಅಂಗೈ

ಫೋಟೋ ತೆಗೆದವನು ನಿಂತಿದ್ದದ್ದು ಇಲ್ಲೇ. ಆಂಡಾಳಮ್ಮನಿಗೆ ಅದರಲ್ಲಿ ಇನ್ನು ಅನುಮಾನ ಉಳಿದಿರಲಿಲ್ಲ.

ಚಾಮರಾಜಪೇಟೆಯ ಆ ಹಳೇ ವಠಾರದ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ದೊಡ್ಡ ಮಣ್ಣಿನ ಕುಂಡದ ಹಿಂದೆ. ಅಲ್ಲಿ ನಿಂತರೆ ಸಿದ್ದಬಸಪ್ಪನವರ ಮನೆಯ ಕಿಟಕಿ ನೇರ ಎದುರಿಗೆ ಬರುತ್ತಿತ್ತು. ಈಗ ಕಿಟಕಿ ಮುಚ್ಚಿತ್ತು. ಏಪ್ರಿಲ್ ತಿಂಗಳ ಬಿಸಿಲು ಬೆಳಗ್ಗೆಯೇ ಚುರುಗುಟ್ಟುತ್ತಿತ್ತು.

ಅವರು ಕೈಚೀಲದಿಂದ ಫೋಟೋ ಹೊರತೆಗೆದು ಮತ್ತೆ ನೋಡಿದರು. ಮಣೆಯ ಮೇಲೆ ಕೂತ ಸಿದ್ದಬಸಪ್ಪ. ಹಣೆ ತುಂಬ ವಿಭೂತಿ, ಮುಚ್ಚಿದ ಕಣ್ಣು, ಎರಡೂ ಹೆಗಲಿನಿಂದ ಇಳಿಬಿದ್ದ ದಪ್ಪ ಶಾಲು. ಶಾಲಿನ ಎಡಗಡೆಯಿಂದ ಚಾಚಿಕೊಂಡ ಒಂದು ಅಂಗೈ. ಅಂಗೈ ಮೇಲೆ ಇಷ್ಟಲಿಂಗ, ಒಂದು ಬಿಲ್ವದ ಎಲೆ. ಅದರಾಚೆಗಿನದ್ದನ್ನೆಲ್ಲ ಅರ್ಧ ತೆರೆದ ಕಿಟಕಿ ಬಾಗಿಲು ಮರೆಮಾಡಿತ್ತು.

“ಎಡಗೈಗೆ ಜೀವವೇ ಇಲ್ಲ ಅಂತ ಅರ್ಜಿ ಹಾಕಿರೋ ಮನುಷ್ಯ ಅಂಗೈಲಿ ಲಿಂಗ ಹಿಡಿದು ಪೂಜೆ ಮಾಡ್ತಾನೆ. ಇದಕ್ಕಿಂತ ಸಾಕ್ಷಿ ಬೇಕೇನಮ್ಮ?” ಎಂದಿದ್ದರು ವಿಮಾ ಕಂಪನಿಯ ವಕೀಲ ಆತ್ರೇಯ. “ಅಕ್ಕಪಕ್ಕದೋರಲ್ಲಿ ಒಬ್ಬರ ಬಾಯಲ್ಲಿ ಕೈ ಸರಿಯಿದೆ ಅನ್ನೋ ಮಾತು ಹೊರಡಿಸ್ಕೊಂಡು ಬನ್ನಿ, ಸಾಕು.”

ನಾಳೆ ಕಾರ್ಮಿಕ ಪರಿಹಾರದ ಕಚೇರಿಯಲ್ಲಿ ಕೊನೆಯ ವಿಚಾರಣೆ. ಒಂದೂವರೆ ವರ್ಷದ ಹಿಂದೆ, ಆಯುಧಪೂಜೆಯ ದಿನ, ಈಶ್ವರ್ ಎಂಬುವವರ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಸಿದ್ದಬಸಪ್ಪನವರ ಬಲಗೈ ಮಣಿಕಟ್ಟಿನಿಂದ ಕೆಳಗೆ ಹೋಯಿತು. ಅದರ ಬಗ್ಗೆ ಯಾರದೂ ತಕರಾರಿಲ್ಲ. ತಕರಾರೆಲ್ಲ ಎಡಗೈಯದು. ಡಾಕ್ಟರು ಹೊಲಿದು ಉಳಿಸಿದ ಆ ಕೈ ನೋಡಲು ನೆಟ್ಟಗಿದೆ, ಆದರೆ ಬೆರಳು ಮಡಚುವುದಿಲ್ಲ, ತುತ್ತು ಎತ್ತುವುದಿಲ್ಲ ಎಂದು ಹೆಂಡತಿ ಶಿವಕುಮಾರಿ ಅರ್ಜಿ ಹಾಕಿ ಓಡಾಡುತ್ತಿದ್ದರು. ಒಂದು ಕೈ ಹೋದರೆ ಕಾನೂನಿನ ಪ್ರಕಾರ ಭಾಗಶಃ ಅಂಗವಿಕಲ. ಎರಡೂ ಹೋದರೆ ಪೂರ್ಣ ಅಂಗವಿಕಲ, ಪರಿಹಾರವೂ ಪೂರ್ಣ. ಫೋಟೋ ಗೆದ್ದರೆ ಆ ಸಂಸಾರದ ಉಳಿದ ಬದುಕಿನ ಆಸರೆ ಹೋಗುವುದಷ್ಟೇ ಅಲ್ಲ, ಲಿಂಗ ಕಟ್ಟಿಕೊಂಡು ಸುಳ್ಳು ಹೇಳಿದ ಮನುಷ್ಯ ಎಂಬ ಹೆಸರೂ ಸಿದ್ದಬಸಪ್ಪನವರಿಗೆ ಅಂಟಿಕೊಳ್ಳುತ್ತದೆ.

ಬಸವನಗುಡಿಯ ಆಂಡಾಳಮ್ಮ ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಆಯಸ್ಸು ಸವೆಸಿ, ನಿವೃತ್ತಿಯಾದ ಮೇಲೆ ವಕೀಲರಿಗೆ ಗುಟ್ಟಾಗಿ ವಿಚಾರಣೆ ಮಾಡಿಕೊಡುತ್ತಿದ್ದವರು. ಸುಳ್ಳು ಕೈನೋವು, ಸುಳ್ಳು ಸೊಂಟನೋವು, ಸುಳ್ಳು ಸಾವನ್ನೂ ಕಂಡವರು. ಅಂಥವರಿಗೂ ಈ ಫೋಟೋ ಕೈಗೆ ಬಂದಾಗಿನಿಂದ ಏನೋ ಒಂದು ಸರಿಯಿಲ್ಲ ಅನ್ನಿಸುತ್ತಿತ್ತು. ಏನು ಎಂದು ಮಾತ್ರ ಹೊಳೆದಿರಲಿಲ್ಲ.

ಈಗ ಅವರು ಫೋಟೋವನ್ನು ಒಗೆಯುವ ಕಲ್ಲಿನ ಮೇಲಿಟ್ಟು ತಮ್ಮ ಎಡಗೈಯನ್ನು ಅಂಗಾತ ಮುಂದಕ್ಕೆ ಚಾಚಿದರು. ಫೋಟೋ ನೋಡಿದರು. ಕೈ ನೋಡಿದರು. ಆಮೇಲೆ ಬಲಗೈ ಚಾಚಿದರು.

“ಏನ್ರೀ ಅದು, ಭಿಕ್ಷೆ ಬೇಡೋರ ಥರ ನಿಂತಿದೀರಾ?” ವಠಾರದ ಒಡತಿ ಶೈಲಜಮ್ಮ ಬಕೆಟ್ ಹಿಡಿದು ಹಿತ್ತಲಿಗೆ ಬಂದಿದ್ದರು.

“ಯಾರಾದ್ರೂ ಹಾಕ್ತಾರೇನೋ ಅಂತ ನೋಡ್ತಿದೀನಿ,” ಎಂದರು ಆಂಡಾಳಮ್ಮ. ಮುಖದಲ್ಲಿ ನಗು ತಂದುಕೊಂಡು ಕೈ ಹಿಂದಕ್ಕೆಳೆದುಕೊಂಡರು.

ಎಡಗೈ ಅಂಗಾತ ಚಾಚಿದರೆ ಹೆಬ್ಬೆರಳು ಹೊರಗಡೆಗೆ, ಮೈಯಿಂದ ಆಚೆಗೆ ಬರಬೇಕು. ಫೋಟೋದಲ್ಲಿ ಹೆಬ್ಬೆರಳು ಒಳಗಡೆಗೆ, ಎದೆಯ ಕಡೆಗೆ ಇತ್ತು. ಅದು ಬಲಗೈ. ಆ ಮನುಷ್ಯನಿಗೆ ಬಲಗೈಯೇ ಇಲ್ಲ. ವಕೀಲರು, ಕಂಪನಿಯವರು, ಎಲ್ಲರೂ ಕೈ ಇದೆಯೋ ಇಲ್ಲವೋ ಎಂದು ನೋಡಿದರೇ ಹೊರತು ಯಾವ ಕೈ ಎಂದು ನೋಡಲಿಲ್ಲ. ತಾನೂ ನೋಡಲಿಲ್ಲವಲ್ಲ ಎಂದು ಆಂಡಾಳಮ್ಮನಿಗೆ ತಮ್ಮ ಮೇಲೇ ಸಿಟ್ಟು ಬಂತು.

“ಈ ಕುಂಡದಲ್ಲಿ ಏನಿತ್ತು?” ಮಾತು ತಿರುಗಿಸಲು ಕೇಳಿದರು. ಒಳಗೆ ಒಣಮಣ್ಣು ಬಿಟ್ಟರೆ ಏನೂ ಇರಲಿಲ್ಲ.

“ನಿಂಬೆ ಗಿಡ. ಎಂಥಾ ಕಾಯಿ ಬಿಡ್ತಿತ್ತು ಗೊತ್ತಾ! ಸಿದ್ದಬಸಪ್ಪನವರ ಮಗಳು ಶಿವಾನಿ ಒಂದಿನ ಬುಡಸಮೇತ ಕಿತ್ತು ಬಿಸಾಕಿದ್ಲು. ಅಪ್ಪ ಆಸ್ಪತ್ರೇಲಿದ್ದಾಗ. ಯಾಕೇ ಅಂದ್ರೆ ಬಾಯೇ ಬಿಡ್ಲಿಲ್ಲ, ಮೂಗಿ ಥರ ನಿಂತಿದ್ಲು.”

ಆಂಡಾಳಮ್ಮ ಕುಂಡವನ್ನು ಇನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಮುಂಬಾಗಿಲಿಗೆ ನಡೆದರು.

ಬಾಗಿಲು ತೆಗೆದದ್ದು ಶಿವಾನಿ. ಕಾಲೇಜಿನ ವಯಸ್ಸು, ಆದರೆ ಕಣ್ಣಿನಲ್ಲಿ ಆ ವಯಸ್ಸಿನ ಹುರುಪು ಇರಲಿಲ್ಲ. ಚಾಪೆ ಹಾಸಿ, ಲೋಟದಲ್ಲಿ ನೀರು ತಂದು ಎಡಗೈಯಲ್ಲಿ ಚಾಚಿದಳು. ಒಳಗಿಂದ ಬಂದ ತಾಯಿ ಕಣ್ಣಲ್ಲೇ ಗದರಿದ ಕೂಡಲೇ ಲೋಟವನ್ನು ಬಲಗೈಗೆ ಬದಲಾಯಿಸಿಕೊಂಡಳು. ಅವಳ ಪಾದದ ಮೇಲೆ ರೂಪಾಯಿ ಅಗಲದ ಹಳೆಯ ಸುಟ್ಟ ಕಲೆಯಿತ್ತು.

“ಹುಟ್ಟಿದಾಗಿಂದ ಎಡಚಿ. ಎಷ್ಟು ಹೇಳಿದ್ರೂ ಅಷ್ಟೇ,” ಎಂದರು ಶಿವಕುಮಾರಿ. “ಹೋಗು ಪುಟ್ಟಿ, ಹೂವು ತಂದ್ಬಿಡು.”

ಮಗಳು ಚಪ್ಪಲಿ ಮೆಟ್ಟಿ ಹೊರಟಳು. ನಡುಮನೆಯ ಪರದೆಯ ಹಿಂದೆ ಯಾರೋ ಮಗ್ಗುಲು ಬದಲಾಯಿಸಿದ ಸದ್ದಾಯಿತು. ಆಂಡಾಳಮ್ಮ ಸುತ್ತುಬಳಸಿ ಮಾತಾಡುವ ಜಾಯಮಾನದವರಲ್ಲ. ಫೋಟೋ ತೆಗೆದು ಚಾಪೆಯ ಮೇಲಿಟ್ಟರು.

“ನಾನು ಕಂಪನಿ ಕಡೆಯಿಂದ ಬಂದೋಳು, ಮುಚ್ಚಿಡೋಲ್ಲ. ನಾಳೆ ಇದನ್ನ ಅಲ್ಲಿ ತೋರಿಸ್ತಾರೆ. ಇದು ನಿಮ್ಮ ಯಜಮಾನರ ಕೈ ಅಲ್ಲ ಅಂತ ನನಗೆ ಗೊತ್ತಾಗಿದೆ. ನಿಮ್ಮ ಕೈ ತಾನೇ?”

ಶಿವಕುಮಾರಿ ಫೋಟೋ ಮುಟ್ಟಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡರು. 

“ಯಾರಿಗೂ ಹೇಳಬಾರದು ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾರಮ್ಮ.”

“ಹೇಳದಿದ್ರೆ ನಾಳೆ ಅವರು ಸುಳ್ಳುಗಾರ ಆಗ್ತಾರೆ.”

“ದೀಕ್ಷೆ ಕೊಟ್ಟಾಗ ಗುರುಗಳು ಹೇಳಿದ್ರಂತೆ, ಇದನ್ನ ಇನ್ನೊಬ್ಬರ ಕೈಗೆ ಕೊಡಬೇಡ, ನಿನ್ನ ಅಂಗೈಯೇ ಇದಕ್ಕೆ ಪೀಠ ಅಂತ. ಜ್ವರ ಬಂದು ಮಲಗಿದ್ರೂ ಎದ್ದು ಕೂತು ತಾವೇ ಪೂಜೆ ಮಾಡ್ಕೊಂಡೋರು. ಆಸ್ಪತ್ರೆಯಿಂದ ಬಂದ ಮೇಲೆ, ಬಲಗೈ ಇಲ್ಲ, ಎಡಗೈ ಮೇಲೆ ಲಿಂಗ ಇಟ್ಟರೆ ನಿಲ್ಲಲ್ಲ, ಜಾರಿ ಮಡಿಲಿಗೆ ಬೀಳುತ್ತೆ. ಮಗು ಅತ್ತ ಹಾಗೆ ಅತ್ತರು.” ಅವರು ಕಣ್ಣೊರೆಸಿಕೊಂಡರು. “ಎರಡು ದಿನ ಊಟ ಮುಟ್ಟಲಿಲ್ಲ. ಮೂರನೇ ದಿನ ನಾನೇ ಹಿಂದೆ ಕೂತು ಶಾಲು ಹೊದಿಸಿ, ಅವರ ಕಂಕುಳ ಕೆಳಗಿಂದ ನನ್ನ ಕೈ ತೂರಿಸಿದೆ. ಇದು ನಿಮ್ಮದೇ ಕೈ ಅಂದ್ಕೊಳ್ಳಿ, ಕಣ್ಣು ಮುಚ್ಕೊಳ್ಳಿ ಅಂದೆ. ಅವತ್ತಿಂದ ಹಾಗೇ ನಡೀತಿದೆ.”

 ಆಂಡಾಳಮ್ಮ ಲೋಟದ ನೀರನ್ನು ಒಂದು ಗುಟುಕು ಕುಡಿದರು.

“ಇದನ್ನೇ ನಾಳೆ ಹೇಳಿ. ಕೇಸು ಮುಗಿದೋಗತ್ತೆ.”

“ಅಷ್ಟು ಜನರ ಮುಂದೆ ಹೇಳಿದ್ರೆ ಅವರು ಬದುಕೋಲ್ಲ.” ಶಿವಕುಮಾರಿ ಈಗ ಫೋಟೋ ಎತ್ತಿಕೊಂಡರು. ನೋಡುತ್ತಾ ನೋಡುತ್ತಾ ಹುಬ್ಬು ಗಂಟಾಯಿತು. “ಆದರೆ ಅಮ್ಮ... ಇದು ನನ್ನ ಕೈ ಅಲ್ಲ.”

“ಅಂದ್ರೆ?”

“ನಾನು ಕೊಡೋದು ಎಡಗೈ. ಲಿಂಗ ಕೂರೋದು ಎಡ ಅಂಗೈ ಮೇಲೆ ತಾನೇ? ಬಲಗೈಲಿ ನೀರು, ವಿಭೂತಿ, ಪತ್ರೆ. ಇದು ಬಲಗೈ. ನಮ್ಮೋರು ಯಾರೂ ಹೀಗೆ ಹಿಡಿಯೋಲ್ಲ. ಕಿಟಕಿ ಬೇರೆ ತೆಗೆದಿದೆ. ಪೂಜೆ ಹೊತ್ತಲ್ಲಿ ಆ ಕಿಟಕಿ ನಾವು ತೆಗೆಯೋದೇ ಇಲ್ಲವಲ್ಲ!”

ಫೋಟೋದ ಮೂಲೆಯಲ್ಲಿ ಕ್ಯಾಮೆರಾ ತಾನೇ ಮುದ್ರಿಸಿದ ಕಿತ್ತಳೆ ಬಣ್ಣದ ತಾರೀಖಿತ್ತು. ಯುಗಾದಿಯ ಹಿಂದಿನ ದಿನ.

“ಅವತ್ತು ನೀವು ಪೂಜೆಗೆ ಕೂರಲಿಲ್ಲ ಅನ್ಸುತ್ತೆ,” ಎಂದರು ಆಂಡಾಳಮ್ಮ, ದನಿ ತಗ್ಗಿಸಿ. “ಆ ಮೂರು ದಿನ ಏನಾದ್ರೂ...”

ಅಷ್ಟು ದುಃಖದಲ್ಲೂ ಶಿವಕುಮಾರಿಗೆ ನಗು ಬಂತು. “ಅದು ನಿಮ್ಮಲ್ಲಿ ಅಮ್ಮ. ಲಿಂಗ ಇರೋ ಮೈಗೆ ಮೈಲಿಗೆ ಇಲ್ಲ ಅಂತಾರೆ ನಮ್ಮಲ್ಲಿ. ನಾನು ಊರಲ್ಲೇ ಇರ್ಲಿಲ್ಲ. ನಮ್ಮಮ್ಮಂಗೆ ಹುಷಾರಿಲ್ಲ ಅಂತ ನೆಲಮಂಗಲಕ್ಕೆ ಹೋಗಿದ್ದೆ. ಹಬ್ಬದ ಬೆಳಗ್ಗೆ ಬಂದೆ. ಇವರೇ ಹೋಗು ಹೋಗು ಅಂತ ಬಲವಂತ ಮಾಡಿ ಕಳಿಸಿದ್ರು. ಮನೇಲಿದ್ದದ್ದು ಇವರು, ನಮ್ಮ ಶಿವಾನಿ...”

ಮಾತು ಅಲ್ಲಿಗೇ ನಿಂತಿತು. ಇಬ್ಬರಿಗೂ ಒಂದೇ ಸಲ ಹೊಳೆದಿತ್ತು. ಎಡಚಿ ಹುಡುಗಿ ಪತ್ರೆ ಏರಿಸಲು ತನಗೆ ವಾಟವಾದ ಎಡಗೈ ಉಳಿಸಿಕೊಂಡು, ಲಿಂಗಕ್ಕೆ ಬಲಗೈ ಒಡ್ಡಿದ್ದಳು.

“ಕುಮಾರಿ,” ಪರದೆಯ ಹಿಂದಿನಿಂದ ದನಿ ಬಂತು. “ಕಾಫಿಪುಡಿ ಆಗೋಗಿದೆ ಅಂದಿದ್ಯಲ್ಲ. ಬಂದೋರಿಗೆ ಬರೀ ನೀರು ಕೊಟ್ಟು ಕಳಿಸ್ತೀಯಾ? ಹೋಗಿ ತಾ.”

“ರೀ, ಇಲ್ಲಿ ನೋಡಿ, ಈ ಫೋಟೋದಲ್ಲಿ...”

“ಮೊದಲು ಕಾಫಿಪುಡಿ ತಾ.”

ಹೆಂಡತಿ ಒಂದು ಕ್ಷಣ ಪರದೆಯನ್ನೇ ನೋಡಿ ನಿಂತು, ಚೀಲ ತೆಗೆದುಕೊಂಡು ಹೋದರು. ಬಾಗಿಲು ಬರೀ ಓರೆಯಾಗಿ ಉಳಿಯಿತು.

ಸಿದ್ದಬಸಪ್ಪ ಭುಜದಿಂದ ಪರದೆ ಸರಿಸಿ ಬಂದು ಎದುರಿಗೆ ಕೂತರು. ಎತ್ತರದ ಆಳು, ಅರ್ಧ ಕರಗಿಹೋದ ಹಾಗಿದ್ದರು. ಬಲಗೈ ಮಣಿಕಟ್ಟಿನಲ್ಲಿ ಮುಗಿದಿತ್ತು. ಎಡಗೈ ಮಡಿಲಲ್ಲಿ ಬಿದ್ದಿತ್ತು. ಒಂದು ನೊಣ ಬಂದು ಆ ಬೆರಳುಗಳ ಮೇಲೆ ಕೂತು ಸಾವಧಾನವಾಗಿ ಓಡಾಡಿತು. ಅದನ್ನು ಓಡಿಸಲು ಅವರು ತಲೆ ಬಗ್ಗಿಸಿ ಊದಿದರು.

ಆಂಡಾಳಮ್ಮನಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

“ಹೆಂಡತೀನ ಊರಿಗೆ ಕಳಿಸಿ, ಮಗಳನ್ನ ಕೂರಿಸ್ಕೊಂಡು, ಕಿಟಕಿ ತೆಗೆಸಿದ್ದು ನೀವೇ,” ಎಂದರು.

“ಹೌದು.”

“ಮಗಳಿಗೆ ಗೊತ್ತಿತ್ತಾ?”

“ಇಲ್ಲ. ಸೆಕೆ ಆಗ್ತಿದೆ, ಕಿಟಕಿ ತೆಗಿ ಅಂದೆ. ತೆಗೆದಳು. ಯಾವ ಕೈ ಒಡ್ಡಿದಾಳೆ ಅಂತ ನಾನು ನೋಡ್ಲಿಲ್ಲ. ಕಣ್ಣು ಮುಚ್ಚಿದ್ದೆ. ಲಿಂಗ ಮುಂದಿಟ್ಕೊಂಡು ಮೋಸ ಮಾಡ್ತಿದೀನಿ, ಕಣ್ಣು ಹೇಗೆ ತೆಗೀಲಿ?”

“ಫೋಟೋ ತೆಗೆಯೋನಿಗೆ ದಿನ ಹೇಳಿದ್ದು ಯಾರು?”

“ನಮ್ಮ ಪ್ರೆಸ್ಸಿನ ಈಶ್ವರ್ ಅವರು. ವಾರವಾರ ನೋಡೋಕೆ ಬರ್ತಾರೆ. ಅವರ ಹತ್ರ ನಾನೇ ಕೇಳ್ಕೊಂಡೆ. ಕುಮಾರಿ ಕೇಸು ಬಿಡ್ತಿಲ್ಲ, ಹೇಗಾದ್ರೂ ಮಾಡಿ ಸೋಲಿಸಿಬಿಡಿ ಅಂತ.”

ತನ್ನ ಕೇಸನ್ನು ತಾನೇ ಸೋಲಲು ಒದ್ದಾಡುವ ಮನುಷ್ಯನನ್ನು ಆಂಡಾಳಮ್ಮ ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಹೆಂಡತಿ ಬಿಸಿಲಲ್ಲಿ ಕಚೇರಿ ಕಚೇರಿ ಅಲೆದು ಕಟ್ಟಿದ್ದನ್ನು ಗಂಡ ಮನೆಯೊಳಗೆ ಕೂತು ಕೆಡವಿದ್ದರು. ಅದಕ್ಕೆ ಆಸೆಯಲ್ಲ, ಹೆದರಿಕೆ ಕಾರಣವಿರಬೇಕು. ಅವರು ಸಿದ್ದಬಸಪ್ಪನವರ ಎಡ ಮಣಿಕಟ್ಟಿನ ಕಡೆಗೆ ಬಾಗಿದರು. ಗಾಯದ ಗುರುತು ರೂಲು ಹಿಡಿದು ಗೆರೆ ಎಳೆದ ಹಾಗೆ ನೇರವಾಗಿತ್ತು. ಬಲಗೈ ಕಡಿದದ್ದೂ ಅಷ್ಟೇ ನೇರ.

“ನೀವು ಹೇಳಿಕೆ ಕೊಟ್ಟಿರೋದು ಹೀಗೆ. ಬಲಗೈ ಬ್ಲೇಡಿನ ಕೆಳಗಿತ್ತು, ಎಡಗೈಲಿ ಮಷೀನಿನ ಹಿಡಿ ಎಳೆದೆ, ಗಾಬರೀಲಿ ಎಡಗೈ ಪಕ್ಕದ ತಗಡಿಗೆ ತಾಗಿ ಕುಯ್ದೋಯ್ತು. ಅಲ್ವಾ?”

“ಹೌದು.”

“ತಗಡು ಚರ್ಮ ಹರಿಯತ್ತೆ, ಸಿದ್ದಬಸಪ್ಪನೋರೇ. ಹೀಗೆ ನೇರಕ್ಕೆ ಕುಯ್ಯಲ್ಲ. ನಿನ್ನೆ ಪ್ರೆಸ್ಸಿಗೆ ಹೋಗಿ ಆ ಮಷೀನು ನೋಡ್ಕೊಂಡು ಬಂದೆ. ಬ್ಲೇಡು ತಾನಾಗಿ ಇಳಿಯಲ್ಲ, ಪಕ್ಕದಲ್ಲಿರೋ ಹಿಡಿ ಯಾರಾದ್ರೂ ಎಳೀಬೇಕು. ನಿಮ್ಮ ಎರಡೂ ಕೈಗೆ ಬಿದ್ದಿರೋದು ಒಂದೇ ಬ್ಲೇಡಿನ ಏಟು. ಎರಡೂ ಕೈ ಒಳಗಿತ್ತು ಅಂದ್ರೆ...”

“ಬೇಡಿ ತಾಯಿ.”

“ಹಿಡಿ ಎಳೆದೋರು ಇನ್ನೊಬ್ಬರು.”

ಸಿದ್ದಬಸಪ್ಪ ಕಣ್ಣು ಮುಚ್ಚಿದರು. ಎರಡೂ ಕೈ ಹೋಗಿದೆ ಎಂದು ತೀರ್ಪಾದರೆ ಹಿಡಿ ಎಳೆದವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ಒಂದೇ ಕೈ ಎಂದಾದರೆ ಹುಟ್ಟುವುದಿಲ್ಲ. ಇಷ್ಟಕ್ಕಾಗಿ ಈ ಮನುಷ್ಯ ತನ್ನ ಹೆಸರನ್ನೂ ಅನ್ನವನ್ನೂ ಒತ್ತೆಯಿಟ್ಟಿದ್ದಾರೆ. ಯಾರನ್ನು ಉಳಿಸಲು? ಆಂಡಾಳಮ್ಮನಿಗೆ ಹಿತ್ತಲಿನ ಖಾಲಿ ಕುಂಡ ನೆನಪಾಯಿತು.

“ನಿಂಬೆ ಗಿಡ ಯಾಕೆ ಕಿತ್ತಳು ನಿಮ್ಮ ಮಗಳು?”

ಆ ಮಾತು ಅವರನ್ನು ಮುರಿಯಿತು. ಗಂಡಸು ಗೋಳೋ ಎಂದು ಅಳುವುದನ್ನು ನೋಡುವುದು ಕಷ್ಟ. ಕಣ್ಣೊರೆಸಿಕೊಳ್ಳಲು ಕೈಯಿಲ್ಲದ ಗಂಡಸು ಅಳುವುದನ್ನು ನೋಡುವುದು ಇನ್ನೂ ಕಷ್ಟ. ಆಂಡಾಳಮ್ಮ ತಮ್ಮ ಸೆರಗಿನ ತುದಿಯಿಂದಲೇ ಆ ಮುಖ ಒರೆಸಿದರು. ಕಂಪನಿಯವರು ನೋಡಿದ್ದರೆ ಏನೆನ್ನುತ್ತಿದ್ದರೋ. ಆ ಹೊತ್ತಿಗೆ ಅವರಿಗೆ ಕಂಪನಿ ನೆನಪಿರಲಿಲ್ಲ.

“ನಮ್ಮ ಪ್ರೆಸ್ಸಲ್ಲಿ ಆಯುಧಪೂಜೆ ದಿನ ಬ್ಲೇಡಿನ ಮೊದಲ ಏಟು ಕಾಗದಕ್ಕಲ್ಲ, ನಿಂಬೆಹಣ್ಣಿಗೆ,” ಎಂದರು ಸಿದ್ದಬಸಪ್ಪ. “ಬ್ಲೇಡಿನ ಕೆಳಗೆ ಹಣ್ಣಿಡೋದು ನಾನು. ಹಿಡಿ ಎಳೆಯೋದು ಯಾರಾದ್ರೂ ಹೆಣ್ಣುಮಗು, ಲಕ್ಷ್ಮಿ ಕೈ ಆಗ್ಲಿ ಅಂತ. ಆ ವರ್ಷ ನಮ್ಮ ಪುಟ್ಟೀನ ಕರೆದ್ರು. ಹಣ್ಣೂ ನಮ್ಮ ಗಿಡದ್ದೇ, ಅವಳೇ ಕಿತ್ತು ತಂದಿದ್ಲು. ಹಿಡಿ ಹತ್ರ ನಿಂತಿದ್ಲು, ಹೊಸ ಲಂಗ ಹಾಕ್ಕೊಂಡು. ಹಣ್ಣು ಉರುಳ್ತಾ ಇತ್ತು. ಸರಿಯಾಗಿ ಕೂರಿಸೋಣ ಅಂತ ತಲೆ ಬಗ್ಗಿಸಿ ಎರಡೂ ಕೈ ಹಾಕ್ದೆ.”

ಹೊರಗೆ ಸೈಕಲ್ಲಿನವನೊಬ್ಬ ಸೊಪ್ಪು ಕೂಗುತ್ತಾ ಹೋದ. 

“ಬೇರೆ ಹುಡುಗರೆಲ್ಲ ಬಾಗಿಲಲ್ಲಿ ಕುಂಬಳಕಾಯಿ ಒಡೆಯೋ ಗಲಾಟೇಲಿದ್ರು. ಮಷೀನ್ ಹತ್ರ ಇದ್ದದ್ದು ನಾನು, ಪುಟ್ಟಿ, ಈಶ್ವರ್ ಅವರು ಅಷ್ಟೇ. ಆಸ್ಪತ್ರೇಲಿ ಕಣ್ಣು ಬಿಟ್ಟಾಗ ಅವರೇ ಪಕ್ಕದಲ್ಲಿ ಕೂತಿದ್ರು. ‘ಮಗು ಗೊತ್ತಿಲ್ದೆ ಎಳೆದ್ಬಿಡ್ತು ಸಿದ್ದಬಸಪ್ಪ, ನಮ್ಮಿಬ್ಬರಲ್ಲೇ ಇರ್ಲಿ, ನೀವೇ ಎಳ್ಕೊಂಡ್ರಿ ಅಂತ ಬರೆಸ್ತೀನಿ’ ಅಂದ್ರು. ನನ್ನ ಪಾಲಿಗೆ ದೇವರ ಥರ ಆದ್ರು.”

“ಮಗಳ ಹತ್ರ ಇದನ್ನ ಮಾತಾಡಿದೀರಾ?”

“ಹೇಗೆ ಮಾತಾಡ್ಲಿ? ಅಪ್ಪನ ಕೈ ಕಡಿದೋಳು ಅಂತ ಅವಳನ್ನ ನಾಲ್ಕು ಜನ ಬೆರಳು ಮಾಡಿ ತೋರಿಸ್ಬೇಕಾ? ಮದುವೆ ಆಗ್ಬೇಕಾದ ಮಗು. ನನ್ನ ಮುಖ ನೋಡಿದ್ರೆ ಅವಳಿಗೆ ಅದೇ ನೆನಪಾಗತ್ತೇನೋ ಅಂತ ಅವಳು ಈಚೆ ಬಂದ್ರೆ ನಾನು ಆಚೆ ಹೋಗ್ತೀನಿ. ಒಂದೇ ಮನೇಲಿ ಹೀಗೇ ಬದುಕ್ತಿದೀವಿ.” ಅವರು ಮುಂದಕ್ಕೆ ಬಾಗಿದರು. “ನಿಮಗೆ ಕೈ ಮುಗಿಯೋಕೂ ನನಗೆ ಕೈಯಿಲ್ಲ ತಾಯಿ. ನಾಳೆ ಸುಮ್ಮನಿದ್ದುಬಿಡಿ. ನಾನು ಸುಳ್ಳುಗಾರ ಆಗ್ತೀನಿ, ಪರವಾಗಿಲ್ಲ.”

 ಬಾಯಿ ಬಿಟ್ಟರೆ ಮಗಳು ಹೋಗುತ್ತಾಳೆ, ಬಿಡದಿದ್ದರೆ ಅಪ್ಪ ಹೋಗುತ್ತಾನೆ. ನಿಜ ಹೇಳುವುದು ಇಷ್ಟು ಭಾರವೆಂದು ಆಂಡಾಳಮ್ಮನಿಗೆ ಯಾವತ್ತೂ ಅನ್ನಿಸಿರಲಿಲ್ಲ.

“ಅಪ್ಪ.”

ಓರೆ ಮಾಡಿದ್ದ ಬಾಗಿಲು ತೆರೆದುಕೊಂಡಿತ್ತು. ಹೊಸಿಲ ಮೇಲೆ ಶಿವಾನಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೈಯಲ್ಲಿದ್ದ ಹೂವಿನ ಪೊಟ್ಟಣ ಹಿಸುಕಿ ಮುದ್ದೆಯಾಗಿತ್ತು.

“ನಾನು ಎಳೀಲಿಲ್ಲಪ್ಪ.”

ಸಿದ್ದಬಸಪ್ಪ ತಲೆ ಆಡಿಸಿದರು. “ಇರ್ಲಿ ಮಗಳೇ. ಬೇಕು ಅಂತ ಮಾಡ್ಲಿಲ್ಲ ನೀನು. ನನಗೊತ್ತು.”

“ಬೇಕು ಅಂತಾನೂ ಇಲ್ಲ, ಬೇಡ ಅಂತಾನೂ ಇಲ್ಲ. ನಾನು ಹಿಡಿ ಮುಟ್ಟೇ ಇಲ್ಲ.” ಅವಳು ಒಳಗೆ ಬಂದು ಅಪ್ಪನೆದುರು ಮಂಡಿಯೂರಿದಳು. “ನೀನು ಬಗ್ಗಿ ಹಣ್ಣು ಸರಿ ಮಾಡ್ತಿದ್ದೆ. ಈಶ್ವರಣ್ಣ ಆರತಿ ತಟ್ಟೆ ನನ್ನ ಎರಡೂ ಕೈಗೆ ಕೊಟ್ಟು, ಮೊದಲು ಆ ಕಡೆ ದೇವರ ಫೋಟೋಗಳಿಗೆ ಎತ್ತಮ್ಮ ಅಂತ ತಿರುಗಿಸಿದ್ರು. ನಾನು ನಿನಗೆ ಬೆನ್ನು ಹಾಕಿದ್ದೆ. ನೀನು ಕಿರುಚಿದಾಗ ತಟ್ಟೆ ಬಿದ್ದೋಯ್ತು. ಉರೀತಿದ್ದ ಕರ್ಪೂರ ಇಲ್ಲಿ ಬಿತ್ತು.”

ಅವಳು ಪಾದ ಮುಂದಿಟ್ಟಳು. ಆಂಡಾಳಮ್ಮ ಬಂದೊಡನೆ ಕಂಡಿದ್ದ ಅದೇ ಕಲೆ. ಹಿಡಿ ಎಳೆಯುವ ಹುಡುಗಿಯ ಕೈಯಲ್ಲಿ ಆರತಿ ಇರುವುದಿಲ್ಲ. ಆರತಿ ಹಿಡಿದ ಕೈ ಹಿಡಿ ಎಳೆಯುವುದಿಲ್ಲ.

“ಆಟೋ ಸೈಲೆನ್ಸರ್ ತಗುಲಿತು ಅಂದಿದ್ದೆ ಅಮ್ಮನ ಹತ್ರ. ಆಸ್ಪತ್ರೇಲಿ ನಿನ್ನ ನೋಡಿದ ಮೇಲೆ ನನ್ನ ಗಾಯ ಹೇಳೋಕೆ ನಾಚಿಕೆ ಆಯ್ತು.”

“ಮತ್ತೆ ಆ ಗಿಡ...”

“ಹಣ್ಣು ಕಿತ್ತಿದ್ದು ನಾನಲ್ವಾ? ಉರುಳೋ ಹಣ್ಣನ್ನೇ ಆರಿಸಿ ತಂದೆನಲ್ಲ ಅಂತ.” ಈಗ ಅವಳ ದನಿ ಒಡೆಯಿತು. “ನೀನು ನನ್ನ ಕಂಡ್ರೆ ಎದ್ದು ಹೋಗ್ತಿದ್ದೆ. ಅದಕ್ಕೇ ಕೋಪ ಅಂದ್ಕೊಂಡೆ. ನಿಂಗೆ ನಾನು ಬೇಡ ಅಂದ್ಕೊಂಡೆ. ಮಷೀನು ತಾನಾಗೇ ಬಿತ್ತು ಅಂತಾನೇ ನಂಬಿದ್ದೆ ನಾನು. ನನ್ನ ಹೆಸರು ನಿನಗೆ ಯಾರಪ್ಪ ಹೇಳಿದ್ದು?”

 ಸಿದ್ದಬಸಪ್ಪ ಮಗಳ ತಲೆ ಸವರಬೇಕೆಂದು ಭುಜ ಎತ್ತಿದರು. ಬಲಗೈ ಅಷ್ಟು ದೂರ ಮುಟ್ಟಲಿಲ್ಲ, ಎಡಗೈ ಮಡಿಲಿನಿಂದ ಏಳಲಿಲ್ಲ. ಶಿವಾನಿಯೇ ಆ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಬಿಟ್ಟರೆ ಜಾರುತ್ತದೆಂದು ಗಟ್ಟಿಯಾಗಿ ಹಿಡಿದುಕೊಂಡೇ ಕೂತಳು.

ಆಂಡಾಳಮ್ಮ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅಳುವಾಗಲೂ ಅವರ ತಲೆ ಲೆಕ್ಕ ಹಾಕುವುದನ್ನು ಬಿಡಲಿಲ್ಲ. ಮಷೀನಿನ ಹತ್ತಿರ ಮೂವರು. ಒಬ್ಬರ ಎರಡೂ ಕೈ ಬ್ಲೇಡಿನ ಕೆಳಗೆ. ಒಬ್ಬಳ ಎರಡೂ ಕೈ ಆರತಿ ತಟ್ಟೆಯಲ್ಲಿ. ಕೈ ಖಾಲಿಯಿದ್ದದ್ದು ಒಬ್ಬರದೇ. ಆದರೆ ಯಾಕೆ? ಕೈ ತಪ್ಪಿತೇ, ಅಥವಾ ಹುಡುಗಿಯನ್ನು ಬೇಕೆಂದೇ ಆ ಕಡೆ ತಿರುಗಿಸಿದ್ದೇ?

ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ಹಿಂದೆಯೇ ಶಿವಕುಮಾರಿಯ ದನಿ. ಎಷ್ಟೋ ದಿನದ ಮೇಲೆ ಅದರಲ್ಲಿ ಸಂತೋಷವಿತ್ತು.

“ರೀ, ಯಾರು ಬಂದಿದಾರೆ ನೋಡಿ! ಅಂಗಡಿ ಹತ್ರ ಸಿಕ್ಕಿದ್ರು. ನಾಳೆ ಕಾರು ಕಳಿಸ್ತಾರಂತೆ, ನಿಮಗೆ ಆಟೋದಲ್ಲಿ ಕಷ್ಟ ಆಗಬಾರದು ಅಂತ. ಇವರು ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ.”

ಕಾಫಿಪುಡಿಯ ಪೊಟ್ಟಣ ಹಿಡಿದು ಆಕೆ ಒಳಗೆ ಬಂದರು. ಹಿಂದೆ, ಹಣ್ಣಿನ ಬುಟ್ಟಿ ಹಿಡಿದು ಈಶ್ವರ್. ನಗುಮುಖ, ಮಡಿಕೆ ಮುರಿಯದ ಬಿಳಿ ಶರಟು. ಚಾಪೆಯ ಮೇಲಿನ ಫೋಟೋ ಕಂಡರು. ಅಪ್ಪನ ಕೈ ತಲೆಯ ಮೇಲಿಟ್ಟುಕೊಂಡ ಹುಡುಗಿಯನ್ನು ಕಂಡರು. ಕೊನೆಗೆ ಆಂಡಾಳಮ್ಮನನ್ನು ಕಂಡರು. ನಗು ಮುಖದ ಮೇಲೇ ಉಳಿಯಿತು. ಬುಟ್ಟಿ ಹಿಡಿದ ಕೈ ಮಾತ್ರ ಮೆಲ್ಲಗೆ ಕೆಳಗಿಳಿಯಿತು.

“ಏನು, ಎಲ್ಲರೂ ಅಳ್ತಿದೀರಾ?” ಎಂದರು. “ನಾನು ಆಮೇಲೆ ಬರ್ತೀನಿ ಹಾಗಾದ್ರೆ.”

“ಕುಮಾರಿ,” ಎಂದರು ಸಿದ್ದಬಸಪ್ಪ. ಆ ದನಿಯನ್ನು ಹೆಂಡತಿ ಒಂದೂವರೆ ವರ್ಷದಿಂದ ಕೇಳಿರಲಿಲ್ಲ. “ಬಾಗಿಲು ಹಾಕು. ಒಳಗಿಂದ ಚಿಲಕ ಹಾಕು.”